ದನಿ ತೆಗೆಯದ ಮಗಳು

ಚೆನ್ನೈಯಿಂದ ಒಬ್ಬ ಮಹಾನುಭಾವರು ಫೋನು ಮಾಡಿದ್ದರು. ನನ್ನ ಹತ್ತಿರ ಕಲಿತಿದ್ದ ಒಬ್ಬ ಹುಡುಗಿಯ ನೆನಪಿಗೆ ಅಲ್ಲಿ ಒಂದು ಗಾಯನ ಇಟ್ಟುಕೊಂಡಿದ್ದಾರಂತೆ. ಬಂದವರಿಗೆ ಹಂಚುವ ಕಾಗದದಲ್ಲಿ ಹಾಕಲು ಆಕೆಯ "ಆರಂಭದ ದಿನಗಳ ಬಗ್ಗೆ" ನಾಲ್ಕು ಸಾಲು ಬೇಕಂತೆ. ಆರಂಭದ ದಿನಗಳು! ಆರಂಭ ಬಿಟ್ಟರೆ ಆಕೆಗೆ ಇನ್ನೇನಿತ್ತು ಸ್ವಾಮಿ ಎಂದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಬಳ್ಳಾರಿಯಲ್ಲಿ ಓದಿದಳು, ಚೆನ್ನೈಯಲ್ಲಿ ಕಲಿತಳು, ಮುಂಬೈಯಲ್ಲಿ ಹಾಡಿದಳು, ಸಣ್ಣ ವಯಸ್ಸಿಗೇ ಹೋದಳು. ಇಷ್ಟನ್ನು ಬರೆದು ಕಳಿಸಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅದನ್ನು ಕಳಿಸಿದ ದಿನದಿಂದ ನನಗೆ ಊಟ ಸೇರುತ್ತಿಲ್ಲ.

ಹೆಸರು ಬರೆಯುವುದಿಲ್ಲ. ಆಕೆಯ ದೊಡ್ಡವ್ವ ಇನ್ನೂ ಕುರುಗೋಡಿನಲ್ಲಿ ಇದ್ದಾಳೆ. ಅವಳಿಗೆ ಓದಲು ಬರದಿದ್ದರೂ ಓದಿ ಹೇಳಿ ಬೆಂಕಿ ಹಚ್ಚುವ ಪುಣ್ಯಾತ್ಮರಿಗೆ ಯಾವ ಊರಲ್ಲೂ ಬರವಿಲ್ಲ. ಇನ್ನು ನಾನು ಯಾರೆಂದರೆ, ಬಳ್ಳಾರಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದವಳು. ಹುಡುಗಿಯರು "ಅಕ್ಕೋರೆ" ಅನ್ನುತ್ತಿದ್ದರು, ಬೆನ್ನ ಹಿಂದೆ "ಸಿಡುಕಮ್ಮ" ಅನ್ನುತ್ತಿದ್ದರು. ದೇವರನಾಮ, ನಾಡಗೀತೆ, ಆಗಸ್ಟ್ ಹದಿನೈದರ ಗುಂಪುಗಾನ, ಇದರಲ್ಲೇ ನನ್ನ ಗಂಟಲು ಸವೆದು ನಿವೃತ್ತಿಯೂ ಆಯಿತು.

ಆಕೆ ಆರನೇ ಕ್ಲಾಸಿಗೆ ಬಂದಾಗ ನಾನು ಸರಿಗಮದ ಸರಳೆ ಹೇಳಿಕೊಡುತ್ತಿದ್ದೆ. ಇಡೀ ಕ್ಲಾಸಿನ ದನಿ ನೆಲದ ಮೇಲೆ ಕೂತಿದ್ದರೆ ಒಂದು ದನಿ ಮಾತ್ರ ಮಾಳಿಗೆ ಹತ್ತಿ ಕೂತಿತ್ತು.

"ಯಾರಲೇ ಅದು?"

"ನಾನ್ರಿ ಅಕ್ಕೋರೆ." ಎರಡು ಜಡೆಯ, ಕಡ್ಡಿಯಂಥ ಹುಡುಗಿ ಎದ್ದು ನಿಂತಳು.

"ಇದು ಸಂಗೀತದ ಕ್ಲಾಸು. ಗುಡ್ಡದ ಮ್ಯಾಲ ನಿಂತು ಎಮ್ಮಿ ಕರಿಯೋದಲ್ಲ. ಕೆಳಗ ಬಾ."

"ಬರಂಗಿಲ್ರಿ ಅಕ್ಕೋರೆ. ಅದು ತಾನ ಹೋಗ್ತೈತಿ."

ಎದುರು ಮಾತಾಡಿದಳೆಂದು ಹೊರಗೆ ನಿಲ್ಲಿಸಿದೆ. ಪಕ್ಕದ ಕೋಣೆಯಲ್ಲಿ ಕೀಬೋರ್ಡ್ ಕಲಿಸುತ್ತಿದ್ದ ಕೇರಳದ ಒಬ್ಬ ಸಿಸ್ಟರ್ ಅವಳನ್ನು ನೋಡಿ, "ಟೀಚರ್, ಈ ಹುಡುಗಿ ನಿಮಗೆ ಬೇಡವಾದರೆ ನನಗೆ ಕೊಡಿ" ಅಂದರು. "ತಗೊಂಡ್ಹೋಗ್ರಿ, ನಮ್ಮ ಕಿವಿ ಉಳೀತಾವ" ಅಂದೆ. ಆಕೆಯ ವಿದ್ಯಾಭ್ಯಾಸ ಶುರುವಾದದ್ದು ಹೀಗೆ. ಸಿಸ್ಟರ್ ಆಕೆಗೆ ಮೊದಲು ಕಲಿಸಿದ್ದು ಹಾಡಲ್ಲ, ಉಸಿರು. ಅಂಗೈಯನ್ನು ಪಕ್ಕೆಲುಬಿನ ಮೇಲಿಟ್ಟು, ಅದು ಅಗಲವಾಗುವುದನ್ನು ನೋಡಿಕೊಂಡು ಉಸಿರು ತೆಗೆದುಕೊಳ್ಳಬೇಕು. ಆಮೇಲೆ ಅದು ಎಂಥ ಚಾಳಿಯಾಯಿತೆಂದರೆ, "ಉಪ್ಪು ಕೊಡ್ರಿ" ಅನ್ನುವುದಕ್ಕೂ ಮೊದಲು ಆಕೆಯ ಕೈ ಪಕ್ಕೆಗೆ ಹೋಗುತ್ತಿತ್ತು.

ಆಕೆಯ ಅವ್ವ ಸಿರಿಗೇರಿಯವಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ಬಳ್ಳಾರಿಗೆ ಬಂದು, ಜೀನ್ಸ್ ಹೊಲಿಯುವ ಒಂದು ಕಡೆ ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದಳು. ಬೆರಳೆಲ್ಲ ನೀಲಿ. ಅವ್ವನಿಗೆ ಇನ್ನೊಂದು ಕೆಲಸದಲ್ಲಿ ಹೆಸರಿತ್ತು. ಸಿರಿಗೇರಿಯ ಅವರ ಕೇರಿಯಲ್ಲಿ ಯಾರು ಸತ್ತರೂ ಇವಳಿಗೆ ಹೇಳಿಕಳಿಸುತ್ತಿದ್ದರು. ಹಾಡ್ಯಾಡಿ ಅಳುವುದು ಅಂತಾರಲ್ಲ, ಸತ್ತವರು ಮಾಡಿದ ಕೆಲಸ, ಪಟ್ಟ ಕಷ್ಟ, ಉಣ್ಣದೆ ಬಿಟ್ಟುಹೋದ ಊಟ, ಎಲ್ಲವನ್ನೂ ಹೆಣದ ಮುಂದೆ ಕೂತು ರಾಗದಲ್ಲಿ ಹೇಳಿ ಹೇಳಿ ಅಳುವುದು, ಅದರಲ್ಲಿ ಅವ್ವನನ್ನು ಮೀರಿಸುವವರು ಇರಲಿಲ್ಲ. ಆ ದಿನದ ಕೂಲಿ ಬಿಟ್ಟು ಬಸ್ಸು ಹತ್ತಿ ಹೋಗುತ್ತಿದ್ದಳು. ಒಂದು ಪೈಸೆ ಮುಟ್ಟುತ್ತಿರಲಿಲ್ಲ. "ಅಳೋದಕ್ಕ ರೊಕ್ಕ ತಗೊಂಡ್ರ ನಾಲಿಗಿಗೆ ಹುಳ ಬೀಳ್ತಾವ್ರಿ" ಅನ್ನುತ್ತಿದ್ದಳು. ಮಗಳ ದನಿ ಎಲ್ಲಿಂದ ಬಂತೆಂದು ನಾನು ಬೇರೆ ಕಡೆ ಹುಡುಕಬೇಕಾಗಿರಲಿಲ್ಲ.

ಪಿಯುಸಿ ಮುಗಿದ ಮೇಲೆ ಸಿಸ್ಟರ್ ಆಕೆಯನ್ನು ಚೆನ್ನೈಯಲ್ಲಿ ತಮ್ಮ ಗುರುಗಳ ಹತ್ತಿರ ಬಿಟ್ಟುಬಂದರು. ಹೆಣ್ಣು ದನಿಗಳಲ್ಲಿ ಎಲ್ಲಕ್ಕಿಂತ ಮೇಲಿನದಕ್ಕೆ ಸೊಪ್ರಾನೊ ಅನ್ನುತ್ತಾರೆ, ಮಾತನ್ನೂ ಹಾಡಿನಲ್ಲೇ ಆಡುವ ನಾಟಕಕ್ಕೆ ಒಪೆರಾ ಅನ್ನುತ್ತಾರೆ ಎಂದು ನನಗೆ ತಿಳಿದದ್ದು ಆಕೆಯಿಂದಲೇ. ರಜೆಗೆ ಬಂದಾಗ ನಮ್ಮ ಮನೆಯ ಹಿತ್ತಲಲ್ಲಿ ಸಾಧನೆ ನಡೆಯುತ್ತಿತ್ತು. ನಮ್ಮದು ಕೋಟೆ ಗುಡ್ಡದ ಕೆಳಗೆ ಹಳೆಯ ವೈಷ್ಣವರ ಓಣಿ. ಕಿಟಕಿಗಳು ಒಂದೊಂದಾಗಿ ತೆರೆಯುತ್ತಿದ್ದವು.

"ಏನಾತ್ರೀ ಆ ಹುಡುಗಿಗೆ? ಯಾರಾದ್ರೂ ಹೊಡದ್ರೇನು?" ಎಂದು ಎದುರುಮನೆಯವರು ಕೇಳಿದರೆ ಅವ್ವನೇ ಉತ್ತರ ಕೊಡುತ್ತಿದ್ದಳು. "ಯಾರೂ ಹೊಡದಿಲ್ರಿ. ನಮ್ಮವ್ವಿ ಇಂಗ್ಲಿಷ್‌ನ್ಯಾಗ ಅಳಾಕ ಕಲ್ತಾಳ."

ಅದು ಇಂಗ್ಲಿಷ್ ಅಲ್ಲ, ಇಟಲಿಯ ಭಾಷೆ ಎಂದು ಆಕೆ ಎಷ್ಟು ಸಲ ಹೇಳಿದಳೋ! ಅವ್ವ ಬಿಡಲಿಲ್ಲ. "ಯಾವ್ದರ ಇರ್ಲಿ, ಸತ್ತೋರಿಗೆ ತಿಳದ್ರ ಸಾಕು" ಅಂದಳು.

ಚೆನ್ನೈಯಿಂದ ಬಂದವಳಿಗೆ ನೂರೆಂಟು ಮಡಿ. ತಣ್ಣೀರು ಕುಡಿಯುವುದಿಲ್ಲ. ಸಂಜೆ ಆದರೆ ಮೂಗು ಬಾಯಿಗೆ ದುಪಟ್ಟಾ. ಮೆಣಸಿನಕಾಯಿ ಬಜ್ಜಿ ಮುಟ್ಟುವುದಿಲ್ಲ. ಬಳ್ಳಾರಿಯಲ್ಲಿ ಬೆಳೆದು ಬಜ್ಜಿ ಬೇಡ ಅನ್ನುವವಳನ್ನು ಏನು ಮಾಡಬೇಕು ಹೇಳಿ. "ನಮ್ಮ ಮನ್ಯಾಗ ನಾನೊಬ್ಬಾಕೀನ ಮಡಿ ಅನ್ಕೊಂಡಿದ್ದೆ, ನನಗಿಂತ ಹೆಚ್ಚಿನಾಕಿ ಬಂದ್ಯಲ್ಲ ಮಾರಾಯ್ತಿ" ಎಂದು ನಾನು ರೇಗಿಸುತ್ತಿದ್ದೆ. ಆಕೆ ನಗುತ್ತಿದ್ದಳು. ನಗುವುದನ್ನೂ ಅಳೆದು ತೂಗಿ ನಗುತ್ತಿದ್ದಳು, ಗಂಟಲಿಗೆ ಪೆಟ್ಟಾಗಬಾರದೆಂದು.

ದೊಡ್ಡವ್ವ ಅಂದೆನಲ್ಲ, ಆಕೆ ಅವ್ವನ ಅಕ್ಕ. ಕುರುಗೋಡಿನಲ್ಲಿ ಒಣಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸ ಮಾಡುತ್ತಿದ್ದಳು. ಮಕ್ಕಳಿರಲಿಲ್ಲ. ಇವಳೇ ಮಗಳು, ಇವಳೇ ಲೋಕ. ಹುಡುಗಿ ಕುರುಗೋಡಿಗೆ ಬರುತ್ತಾಳೆಂದರೆ ಆವತ್ತು ಕೆಲಸ ಅರ್ಧಕ್ಕೆ ಬಿಟ್ಟು, ಮೈ ತೊಳೆದು, ಪೆಟ್ಟಿಗೆಯಲ್ಲಿಟ್ಟ ಸೀರೆ ಉಟ್ಟು ಕಾಯುತ್ತಿದ್ದಳು. "ನನ್ನ ಸೀರಿ ಖಾರ ಆಕಿ ಗಂಟ್ಲಕ್ಕ ಬಡದ್ರ ಹೆಂಗ್ರಿ?" ಅನ್ನುತ್ತಿದ್ದಳು. ಸ್ನಾನ ಮಾಡದೆ ಹತ್ತಿರ ಕೂಡಿಸಿಕೊಂಡದ್ದನ್ನು ನಾನು ನೋಡಲಿಲ್ಲ.

ಆಕೆಯ ಮೊದಲ ಕಚೇರಿ ಚೆನ್ನೈಯಲ್ಲೂ ಅಲ್ಲ, ಮುಂಬೈಯಲ್ಲೂ ಅಲ್ಲ, ಕುರುಗೋಡಿನ ಒಂದು ಮದುವೆಯಲ್ಲಿ. ದೊಡ್ಡವ್ವ ಓಣಿಯ ತುಂಬ ಜಂಬ ಕೊಚ್ಚಿ ಕರೆಸಿದ್ದಳು. ನಾನೂ ಹೋಗಿದ್ದೆ. ಆರ್ಕೆಸ್ಟ್ರಾದವನು ಮೈಕನ್ನು ಬಾಯಿಗೆ ಹಿಡಿದ. ಆಕೆ ಹಿಂದೆ ಸರಿದಳು. ಅವನು ಮುಂದೆ ಬಂದ. ಆಕೆ ಮತ್ತೆ ಸರಿದಳು. ಒಪೆರಾದವರಿಗೆ ಮೈಕು ಹಿಡಿಯುವ ರೂಢಿ ಇಲ್ಲವಂತೆ, ಎಷ್ಟೇ ದೊಡ್ಡ ಸಭೆಯಾದರೂ ಬರೀ ಗಂಟಲಿನಿಂದಲೇ ಮುಟ್ಟಿಸಬೇಕಂತೆ. ಅದು ಅವನಿಗೇನು ಗೊತ್ತು ಪಾಪ! "ಅರೆ ಮೇಡಂ, ನಿಲ್ರಿ, ಕಚ್ಚಂಗಿಲ್ಲ ಇದು" ಎಂದು ಇಡೀ ಚಪ್ಪರ ಸುತ್ತಿದ. ಕೊನೆಗೆ ಆಕೆ ಪಕ್ಕೆಯ ಮೇಲೆ ಕೈಯಿಟ್ಟು ಬಾಯಿ ತೆರೆದಳು. ಅಡುಗೆಯವರು ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಮದುಮಗಳು ತಲೆ ಎತ್ತಿದಳು. ಹಾಡು ಮುಗಿದ ಮೇಲೆ ಯಾರಿಗೂ ಚಪ್ಪಾಳೆ ಹೊಡೆಯುವುದು ತೋಚಲಿಲ್ಲ. ಒಬ್ಬ ಮುದುಕ ಮಾತ್ರ, "ಯಾರು ಸತ್ತಾರಪಾ ಈ ಹಾಡಿನ್ಯಾಗ?" ಎಂದು ಕೇಳಿದ. "ಹಾಡಿನ್ಯಾಗಿನ ಹುಡುಗಿಯ ಗೆಳತಿ ಸತ್ತಾಳ್ರಿ ಅಜ್ಜಾರ" ಅಂದಳು ಆಕೆ. ದೊಡ್ಡವ್ವ ಆ ದಿನವೆಲ್ಲ ನೆಲದ ಮೇಲೆ ನಡೆಯಲಿಲ್ಲ.

ಇಲ್ಲಿಂದ ಮುಂದೆ ಬರೆಯಲು ನನಗೆ ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಗುಂಪಿನಲ್ಲಿ ನಿಂತು ಹಾಡುತ್ತ ಹಾಡುತ್ತ, ಕಡೆಗೆ ಮುಂಬೈಯ ಒಂದು ತಂಡದಲ್ಲಿ ಆಕೆಗೆ ಮೊದಲ ಬಾರಿ ಹೆಸರಿರುವ ಪಾತ್ರ ಸಿಕ್ಕಿತು. ರಾಣಿಯ ದಾಸಿಯ ಪಾತ್ರ, ಎರಡು ಹಾಡು. ಹಗಲೆಲ್ಲ ಚೆನ್ನೈಯಲ್ಲಿ ಮಕ್ಕಳಿಗೆ ಪಾಠ ಹೇಳಿ, ಸಂಜೆ ಗುರುಗಳ ಹತ್ತಿರ ಆ ಹಾಡುಗಳ ತಾಲೀಮು ಮಾಡಿ ಆಕೆ ಗಂಟಲನ್ನು ದುಡಿಸಿದ್ದೇ ದುಡಿಸಿದ್ದು. ಒಂದು ದಿನ ಹಾಡಿನ ನಡುವೆ ದನಿ ಕತ್ತರಿಸಿದಂತೆ ನಿಂತಿತು. ದನಿ ಹುಟ್ಟುವ ಜಾಗದಲ್ಲಿ ರಕ್ತ ಒಸರಿದೆ ಎಂದು ಅಲ್ಲಿನ ಡಾಕ್ಟರು ಹೇಳಿದರು. ವಾಸಿಯಾಗುತ್ತದೆ, ಆದರೆ ಎರಡು ವಾರ ಒಂದು ಶಬ್ದ ಹೊರಡಬಾರದು. ಪಿಸುಗುಟ್ಟುವ ಹಾಗಿಲ್ಲ, ಜೋರಾಗಿ ಕೆಮ್ಮುವ ಹಾಗಿಲ್ಲ. ಈಗ ಕೂಗಿದರೆ ಗಾಯ ಕಲೆ ಕಟ್ಟುತ್ತದೆ, ಮಾತು ಉಳಿಯುತ್ತದೆ, ಆ ಮೇಲಿನ ದನಿ ಮತ್ತೆ ಬಾರದು.

ಅವ್ವ ಅಷ್ಟರಲ್ಲಿ ಕಣ್ಣು ಮಂಜಾಗಿ ದಾರದ ಕೆಲಸ ಬಿಟ್ಟು ಸಿರಿಗೇರಿಗೆ ಮರಳಿದ್ದಳು, ಭತ್ತದ ನಾಟಿಗೆ ಹೋಗುತ್ತಿದ್ದಳು. ಆ ಕೇರಿಯಲ್ಲಿ ಬಾಯಿ ಮುಚ್ಚಿಕೊಂಡಿರುವುದು ಆಗದ ಮಾತೆಂದು ಹುಡುಗಿ ನನ್ನ ಮನೆಗೆ ಬಂದಳು. ಕೈಯಲ್ಲೊಂದು ಪಾಟಿ, ಬಳಪ. ಬೇಕಾದ್ದನ್ನು ಬರೆದು ತೋರಿಸುತ್ತಿದ್ದಳು. ನಮ್ಮ ಓಣಿಯವರು ಮೂಗು ಮುರಿದರು, ಅಡುಗೆಮನೆಯವರೆಗೂ ಬಿಟ್ಟುಕೊಂಡಿದ್ದೀರಂತಲ್ಲ ಅಂದರು. ನನ್ನ ಅಡುಗೆಮನೆ, ನನ್ನ ಒಲೆ, ನಿಮಗೇನು ಎಂದು ಬಾಗಿಲು ಹಾಕಿಕೊಂಡೆ.

ಭಾನುವಾರ ಅವ್ವ ಬಂದಳು. ಮಗಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, "ನೀ ಸುಮ್ಕಿರವ್ವಾ. ಇಬ್ಬರದೂ ನಾನ ಮಾತಾಡ್ತೀನಿ" ಅಂದಳು. ಮಾತಾಡಿದಳು ನೋಡಿ! ಕಾಲುವೆಗೆ ನೀರು ಬಂದದ್ದು, ಪಕ್ಕದ ಮನೆಯ ಎಮ್ಮೆ ಈದದ್ದು, "ಹೂಂ ಅವ್ವಾ, ಹೌದನವ್ವಾ?" ಎಂದು ಮಗಳ ಪರವಾಗಿ ತಾನೇ ಕೇಳುವುದು, ತಾನೇ ಹೇಳುವುದು. ಆಕೆ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕು ನಕ್ಕು ಕಣ್ಣೀರು ಹಾಕಿದಳು. ಅವ್ವ ಬದುಕಿದ್ದಾಗ ನಾನು ಅವಳನ್ನು ನೋಡಿದ್ದು ಅದೇ ಕೊನೆ.

ಮುಂದಿನ ವಾರ ನಾಟಿ ಮಾಡುತ್ತಿದ್ದವಳು ಎದೆ ಹಿಡಿದುಕೊಂಡು ಕೆಸರಿನಲ್ಲೇ ಕೂತಳಂತೆ. ಏಳಲಿಲ್ಲ.

ದೊಡ್ಡವ್ವನ ಫೋನು ಬಂದದ್ದು ನನಗೆ. ನಾನು ಹೇಳಿದೆ. ಆಕೆಯ ಬಾಯಿ ತೆರೆಯಿತು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ತಲೆ ಕೊಟ್ಟು ನಿಂತಳು. ಬಸ್ಸಿನಲ್ಲಿ ಪಾಟಿಯ ಮೇಲೆ ಬರೆದಳು: "ಅವ್ವ ಹೋದಳು. ಇದೂ ಹೋದರ ನನ್ನ ಹತ್ರ ಏನೈತ್ರಿ ಅಕ್ಕೋರೆ?" ಗಂಟಲು ಮುಟ್ಟಿ ತೋರಿಸಿದಳು. ಅಳಿಸಿ ಮತ್ತೆ ಬರೆದಳು: "ಒಮ್ಮೆ ಬಾಯಿ ತೆಗದ್ರ ನಿಲ್ಲಸಾಕ ಬರಂಗಿಲ್ಲ." ಕುರುಗೋಡಿನಲ್ಲಿ ದೊಡ್ಡವ್ವ ಬಸ್ಸು ಹತ್ತಿ ಪಕ್ಕದಲ್ಲಿ ಕೂತಳು. ಅವಳೂ ಅಳಲಿಲ್ಲ. ಅಳುವುದು ಅಲ್ಲಿ ಹೋದ ಮೇಲೆ.

ಅವರಲ್ಲಿ ಒಂದು ಪದ್ಧತಿ. ತಾಯಿ ಸತ್ತರೆ ಮೊದಲು ದನಿ ತೆಗೆಯಬೇಕಾದವಳು ಮಗಳು. ಓಣಿಯ ಬಾಯಿಗೆ ಬರುತ್ತಿದ್ದಂತೆ ಕೂಗಿ ಅಳಬೇಕು. ಆ ದನಿ ಕೇಳಿ ಹೆಂಗಸರು ಎದ್ದುಬಂದು ಅವಳ ಕುತ್ತಿಗೆಗೆ ಬಿದ್ದು ತಾವೂ ಎತ್ತಿಕೊಳ್ಳಬೇಕು. ಮಗಳಿಗಿಂತ ಮೊದಲು ಬೇರೆಯವರು ದನಿ ತೆಗೆಯುವ ಹಾಗಿಲ್ಲ. ಮಣ್ಣಿಗೆ ಹೋಗುವ ತನಕ ಸತ್ತವರ ಕಿವಿ ಕೇಳುತ್ತಿರುತ್ತದೆ, ಮಗಳ ದನಿ ಕೇಳದೆ ಹೋದ ತಾಯಿಗೆ ಮುಂದಿನ ದಾರಿ ತಿಳಿಯುವುದಿಲ್ಲ ಎಂದು ಅವರ ನಂಬಿಕೆ.

ಓಣಿಯ ಬಾಯಿ ಬಂತು. ಆಕೆ ಸುಮ್ಮನೆ ನಡೆದಳು. ಹೆಂಗಸರು ಕಟ್ಟೆಯ ಮೇಲೆ ತುದಿಗಾಲಲ್ಲಿ ಕಾಯುತ್ತಿದ್ದರು. ಆಕೆ ಅವರ ನಡುವೆ ಹಾದು ಹೋಗಿ ಅವ್ವನ ಕಾಲ ಬಳಿ ಕೂತಳು. ಕಾಲಿನ ಉಗುರಲ್ಲಿ ಇನ್ನೂ ಕೆಸರಿತ್ತು, ಅದನ್ನು ದುಪಟ್ಟಾದಿಂದ ಒರೆಸಿದಳು. ಕಣ್ಣಿಂದ ನೀರು ಧಾರೆ. ತುಟಿ "ಅವ್ವಾ" ಅನ್ನುತ್ತಿತ್ತು, ಗಂಟಲಿಂದ ಗಾಳಿಯೂ ಬರಲಿಲ್ಲ.

"ದನಿ ತೆಗಿಯವ್ವಾ" ಅಂದಳು ದೊಡ್ಡವ್ವ, ಮೊದಲು ಮೆಲ್ಲಗೆ. "ಎಲ್ಲಾರೂ ಕಾಯಾಕತ್ಯಾರ. ತೆಗಿ ನಮ್ಮವ್ವಾ."

ನಾನು ಡಾಕ್ಟರು ಹೇಳಿದ್ದನ್ನು ಹೇಳಿದೆ. ಕಲೆ ಕಟ್ಟುತ್ತದೆ, ದನಿ ಹೋಗುತ್ತದೆ, ವರ್ಷಗಟ್ಟಲೆ ದುಡಿದದ್ದು ಮಣ್ಣುಪಾಲಾಗುತ್ತದೆ ಎಂದೆ. ಒಬ್ಬ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸತ್ತಾಕಿ ತಾಯಿ ಅದಾಳ್ರಿ, ಡಾಕ್ಟರಲ್ಲ" ಅಂದಳು. ಇನ್ನೊಬ್ಬಳು, "ನಿಮ್ಮಂಥೋರ ಮನ್ಯಾಗ ಅಳಂಗಿಲ್ಲೇನೋ, ನಮ್ಮಲ್ಲಿ ಅಳ್ತಾರ್ರಿ" ಅಂದಳು.

ದೊಡ್ಡವ್ವನ ಕೈ ಹಿಡಿದು ಹೇಳಿದೆ, "ಅವ್ವನ ಬಾಯಿಲೇ ಕೇಳೀನಿ ನಾನು. ನೀ ಸುಮ್ಕಿರು, ಇಬ್ಬರದೂ ನಾನ ಮಾತಾಡ್ತೀನಿ ಅಂದಿದ್ಲು."

"ಅದು ಬದುಕಿದ್ದಾಗಿನ ಮಾತ್ರಿ ಅಕ್ಕೋರೆ" ಅಂದಳು ದೊಡ್ಡವ್ವ. ಕೈ ಬಿಡಿಸಿಕೊಂಡಳು. ಹುಡುಗಿಯ ಭುಜ ಹಿಡಿದು ಅಲುಗಿಸಿದಳು. ಬೆನ್ನಿಗೆ ಗುದ್ದಿದಳು. "ಅಳಲೇ! ಕಣ್ಣೀರು ಮೊಸಳಿಗೂ ಬರ್ತಾವ, ದನಿ ತೆಗೀಲೇ! ಇಡೀ ಕೇರಿಗೆ ಅತ್ತಾಕಿ ನಿಮ್ಮವ್ವ. ಇವತ್ತ ಆಕಿಗೆ ಅಳೋರಿಲ್ಲೇನು?"

ಪ್ರತಿ ಗುದ್ದಿಗೂ ಆಕೆಯ ಮೈ ಮುಂದೆ ಬಾಗುತ್ತಿತ್ತು. ದುಪಟ್ಟಾವನ್ನು ಉಂಡೆ ಮಾಡಿ ಹಲ್ಲಿನ ನಡುವೆ ಇಟ್ಟುಕೊಂಡಳು. ಬಾಯಿ ತೆರೆಯಲಿಲ್ಲ. ಹೊತ್ತು ಇಳಿಯಿತು. ಹಿರಿಯನೊಬ್ಬ ಎದ್ದು, "ಆತು, ಎತ್ರಪಾ ಇನ್ನ" ಅಂದ. ಅಷ್ಟು ಹೆಂಗಸರಿದ್ದ ಅಂಗಳದಿಂದ ಆ ಹೆಣ ಒಂದು ದನಿ ಇಲ್ಲದೆ ಎದ್ದು ಹೋಯಿತು.

ಆಕೆ ಮಾಡಿದ್ದು ತಪ್ಪೆಂದು ನಾನು ಅವತ್ತೂ ಹೇಳಲಿಲ್ಲ, ಇವತ್ತೂ ಹೇಳುವುದಿಲ್ಲ. ಹೇಳಲು ಬಂದವರೊಡನೆ ಜಗಳ ಕಾದು ಕಳಿಸಿದ್ದೇನೆ. ದೊಡ್ಡವ್ವ ಮಾಡಿದ್ದು ತಪ್ಪು ಅನ್ನಲೂ ನನ್ನ ಬಾಯಿ ಏಳುವುದಿಲ್ಲ. ಹಾಳಾದ್ದು ಎರಡೂ ಸರಿ.

ಗಂಟಲು ವಾಸಿಯಾಯಿತು, ಕಲೆಯೂ ಉಳಿಯಲಿಲ್ಲ. ಆಕೆ ಮುಂಬೈಯಲ್ಲಿ ಆ ದಾಸಿಯ ಪಾತ್ರ ಮಾಡಿದಳು. ಹಾಡಿನ ರೆಕಾರ್ಡಿಂಗ್ ಫೋನಿಗೆ ಕಳಿಸಿದಳು. ನಾನು ತಲೆಬಾಗಿಲು ಹಾಕಿ ಕೂತು ಕೇಳಿದೆ. ಹಿಂದೆ ನಾನು ಎಮ್ಮೆ ಕರೆಯುವುದು ಅಂದಿದ್ದೆನಲ್ಲ, ಆ ದನಿ ಈಗ ಮೇಲಕ್ಕೆ ಹೋಗಿ, ಅಲ್ಲೇ ನಿಂತು, ಎಳೆ ಎಳೆಯಾಗಿ ತೆಳುವಾಗಿ ಇಳಿಯುತ್ತಿತ್ತು. ಕೊನೆಯಲ್ಲಿ ಚಪ್ಪಾಳೆ ಎಷ್ಟು ಹೊತ್ತಾದರೂ ನಿಲ್ಲಲಿಲ್ಲ.

ಆಕೆ ಫೋನಿನಲ್ಲಿ ಹೇಳಿದಳು: "ದೊಡ್ಡವ್ವಗ ಕೇಳಸ್ರಿ ಅಕ್ಕೋರೆ. ಕೇಳಿದ್ರ ಆಕಿಗೆ ತಿಳೀತೈತಿ, ನಾ ಯಾಕ ಸುಮ್ಕಿದ್ದೆ ಅಂತ."

ಅವ್ವನ ಮಣ್ಣಾದ ಮೇಲೆ ದೊಡ್ಡವ್ವ ಆಕೆಯೊಂದಿಗೆ ಮಾತು ಬಿಟ್ಟಿದ್ದಳು. ನಾನು ಫೋನು ಹಿಡಿದು ಕುರುಗೋಡಿಗೆ ಹೋದೆ. ಮೆಣಸಿನಕಾಯಿ ರಾಶಿಯ ಮುಂದೆ ಕೂತಿದ್ದಳು. ಹಾಡು ಹಚ್ಚಿದೆ. ತೊಟ್ಟು ಮುರಿಯುವ ಕೈ ನಿಂತಿತು. ಹಾಡು ಮುಗಿಯುವ ತನಕ ಕೈಯಲ್ಲಿದ್ದ ಕಾಯಿ ಹಾಗೇ ಇತ್ತು.

"ಇದು ಆಕಿದ ದನಿಯೇನ್ರಿ?"

"ಆಕಿದ. ಬರೀ ಗಂಟಲಿನ್ಯಾಗ. ಮೈಕಿಲ್ಲ."

"ಇಷ್ಟು ದನಿ ಐತೇನು ಆಕಿ ಹತ್ರ." ಕೈಯಲ್ಲಿದ್ದ ಕಾಯಿಯನ್ನು ರಾಶಿಗೆ ಹಾಕಿದಳು. "ಮಾತು ಬಿಟ್ರೂ ನಾ ಇಷ್ಟು ದಿನ ಮನಸಿನ್ಯಾಗ ಏನ ತಿಳಕೊಂಡಿದ್ದೆ ಅಂದ್ರ, ಪಾಪ, ದನಿ ಹೋಗೇತಿ, ಬರವಲ್ದು, ಅದಕ್ಕ ಅಳಲಿಲ್ಲ ಅಂತ. ಇದ್ದೂ ಅಳಲಿಲ್ಲೇನ್ರಿ? ಇಷ್ಟು ಇಟ್ಕೊಂಡು ನನ್ನ ತಂಗಿಗೆ ಒಂದು 'ಯವ್ವಾ' ಅನ್ಲಿಲ್ಲೇನು?"

ಫೋನನ್ನು ನನ್ನ ಕಡೆ ನೂಕಿ ಮತ್ತೆ ತೊಟ್ಟು ಮುರಿಯತೊಡಗಿದಳು. ಹುಡುಗಿ ಹಾಕಿದ ಲೆಕ್ಕ ಹೀಗೆ ತಲೆಕೆಳಗಾಯಿತು. ಯಾವುದನ್ನು ಕೇಳಿದರೆ ದೊಡ್ಡವ್ವನ ಮನಸ್ಸು ಕರಗುತ್ತದೆ ಅಂದುಕೊಂಡಳೋ ಅದನ್ನು ಕೇಳಿಯೇ ಅದು ಕಲ್ಲಾಯಿತು. ನಾನು ಆಕೆಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಆ ಕಡೆಯಿಂದ "ಹೌದಲ್ರಿ" ಎಂದಷ್ಟೇ ಬಂತು.

ಅದಾದ ಮೇಲೆ ಇನ್ನೆರಡು ಪಾತ್ರ ಸಿಕ್ಕವು, ಸ್ವಲ್ಪ ದೊಡ್ಡವೇ. ಚೆನ್ನಾಗಿ ಹಾಡಿದಳೆಂದು ಕೇಳಿದವರು ಹೇಳಿದರು. ನನಗೆ ಮಾತ್ರ ರೆಕಾರ್ಡಿಂಗ್ ಕಳಿಸುವುದನ್ನು ನಿಲ್ಲಿಸಿದಳು.

ಅವ್ವನ ವರ್ಷದ ದಿನಕ್ಕೆ ಬಳ್ಳಾರಿಗೆ ಬಂದಳು. "ಅವ್ವನ ಮಣ್ಣಿನ ಮುಂದ ಕುಂತು ಅಳ್ತೀನ್ರಿ ಅಕ್ಕೋರೆ. ಎಷ್ಟು ದನಿ ಐತೋ ಅಷ್ಟೂ ತೆಗೀತೀನಿ. ಹರದ್ರ ಹರೀಲಿ. ದೊಡ್ಡವ್ವನ್ನೂ ಕರ್ಕೊಂಡು ಹೋಗ್ತೀನಿ" ಅಂದಳು. ಕುರುಗೋಡಿಗೆ ಹೋದಳು. ದೊಡ್ಡವ್ವ ಬಾಗಿಲಲ್ಲೇ ನಿಂತು, "ಮಣ್ಣಿಗೆ ಕಿವಿ ಇರಂಗಿಲ್ಲ" ಅಂದಳಂತೆ. ಅಷ್ಟೇ. ಆಕೆ ಸಿರಿಗೇರಿಗೆ ಹೋಗದೆ ವಾಪಸು ಬಂದಳು. ಬಂದವಳ ಮೈ ಸುಡುತ್ತಿತ್ತು. ಡೆಂಗ್ಯೂ ಅಂದರು. ಆಸ್ಪತ್ರೆಗೆ ಸೇರಿಸಿದೆ. ಮೊದಲು ಜ್ವರ ಇಳಿಯಿತು, ಆಮೇಲೆ ಏನೇನೋ ಆಯಿತು, ನಾನು ನೋಡುತ್ತಿದ್ದಂತೆ ಕೈಮೀರಿತು.

ದೊಡ್ಡವ್ವ ಬಂದಿದ್ದಳು. ವಾರ್ಡಿನ ಒಳಗೆ ಕಾಲಿಡಲಿಲ್ಲ, ಹೊರಗೆ ಗೋಡೆಗೆ ಒರಗಿ ಕೂತಿದ್ದಳು. ಹತ್ತಿರ ಹೋದೆ. ತಲೆ ಇನ್ನೂ ಒದ್ದೆ ಇತ್ತು. ಪೆಟ್ಟಿಗೆಯ ಸೀರೆ ಉಟ್ಟಿದ್ದಳು.

"ಒಳಗ ಬಾ. ಕೇಳಾಕತ್ತಾಳ ನಿನ್ನ" ಅಂದೆ.

"ಇಲ್ಲೇ ಅದೀನಿ ಅಂತ ಹೇಳ್ರಿ" ಅಂದಳು. ಹೇಳಿದೆ. ಆಕೆಗೆ ಕೇಳಿಸಿತೋ ಇಲ್ಲವೋ.

ಹೆಣವನ್ನು ಸಿರಿಗೇರಿಗೇ ತೆಗೆದುಕೊಂಡು ಹೋದರು. ದೊಡ್ಡವ್ವ ಮಾಡಬೇಕಾದ್ದೆಲ್ಲ ಮಾಡಿದಳು. ಮೈ ತೊಳೆದಳು, ಅರಿಸಿನ ಹಚ್ಚಿದಳು, ಎರಡು ಜಡೆ ಹೆಣೆದಳು, ಹೂವು ಮುಡಿಸಿದಳು. ಆಮೇಲೆ ಬಾಗಿಲ ಪಕ್ಕಕ್ಕೆ ಹೋಗಿ ಕೂತಳು. ತಾಯಿ ಇಲ್ಲದ, ಮದುವೆ ಆಗದ ಹುಡುಗಿ. ಮೊದಲು ದನಿ ತೆಗೆಯಬೇಕಾದವಳು ದೊಡ್ಡವ್ವನೇ. ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ಅವಳ ಮುಖ ನೋಡುತ್ತಿದ್ದರು.

"ನನ್ನ ಯಾಕ ನೋಡ್ತೀರಿ?" ಅಂದಳು. "ಮಾಡೋದೆಲ್ಲಾ ಮಾಡೀನಿ. ದನಿ ಮಾತ್ರ ತೆಗಿಯಂಗಿಲ್ಲ. ಆಕಿ ತೆಗೀಲಿಲ್ಲ, ನಾ ತೆಗಿಯಂಗಿಲ್ಲ."

ನಾನು ಕಾಲು ಹಿಡಿಯುವುದೊಂದು ಬಾಕಿ. "ನಿನ್ನ ಮಗಳಲ್ಲೇನ ಆಕಿ?" ಅಂದೆ. "ಹೌದ್ರಿ, ನನ್ನ ಮಗಳು. ಅದಕ್ಕ" ಅಂದಳು.

ಅಂಗಳದಲ್ಲಿ ಅದೇ ಮೌನ. ಅದೇ ಹಿರಿಯ ಎದ್ದು ನಿಂತ. ಇನ್ನೇನು ಎತ್ತುತ್ತಾರೆ. ನನಗೆ ತಡೆಯಲಾಗಲಿಲ್ಲ. ನಮ್ಮ ಮನೆತನದಲ್ಲಿ ಬಾಯಿ ಬಿಟ್ಟು ಅತ್ತವರಿಲ್ಲ, ಸತ್ತರೆ ಬಾಯಿಗೆ ತುಳಸಿ ನೀರು ಬಿಟ್ಟು ಗೋವಿಂದಾ ಅನ್ನುತ್ತೇವೆ. ಆದರೂ ಆಕೆಯ ತಲೆಯ ಹತ್ತಿರ ಕೂತೆ. "ಯವ್ವಾ" ಎಂದು ಎತ್ತಿದೆ. ಆರನೇ ಕ್ಲಾಸಿಗೆ ಬಂದವಳೇ, ಮಾಳಿಗೆ ಹತ್ತಿದ ದನಿಯವಳೇ, ಬಜ್ಜಿ ಒಲ್ಲೆ ಅಂದವಳೇ, ಎಂದು ಶುರುಮಾಡಿದೆ. ಎರಡನೆಯ ಸಾಲಿಗೆ ನನಗೇ ಕೇಳಿಸತೊಡಗಿತು. ಗಂಟಲು ತಾನಾಗಿ ಶ್ರುತಿ ಹಿಡಿದಿತ್ತು. ಶೋಕಕ್ಕೆ ಯಾವ ರಾಗವೋ ಆ ರಾಗಕ್ಕೆ ಹೋಗಿ ಕೂತಿತ್ತು, ಸ್ವರ ಸ್ವಲ್ಪ ಜಾರಿದರೆ ತಿದ್ದಿಕೊಳ್ಳುತ್ತಿತ್ತು. ಎಷ್ಟು ಒದ್ದಾಡಿದರೂ ಆ ರಾಗದಿಂದ ಹೊರಗೆ ಬರಲಾಗಲಿಲ್ಲ. ಹೆಂಗಸರು ಯಾರೂ ಎತ್ತಿಕೊಳ್ಳಲಿಲ್ಲ.

ದೊಡ್ಡವ್ವ ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟಳು. ಸಿಟ್ಟಿನಿಂದಲ್ಲ.

"ಸಾಕ್ರಿ ಅಕ್ಕೋರೆ. ನೀವು ಹಾಡಾಕತ್ತೀರಿ. ಹಾಡು ಆಕಿ ಹತ್ರ ಬೇಕಾದಷ್ಟಿದ್ವು."

ಎತ್ತಿದರು.

ಮಣ್ಣು ಕೊಟ್ಟು ಬಳ್ಳಾರಿ ಬಸ್ಸು ಹತ್ತಿದೆ. ದೊಡ್ಡವ್ವ ಕುರುಗೋಡಿನಲ್ಲಿ ಇಳಿದಳು, ಹೋಗಿ ಬರ್ತೀನಿ ಅನ್ನಲಿಲ್ಲ. ಖಾಲಿಯಾದ ಆ ಜಾಗದಲ್ಲಿ ಯಾರೋ ಒಬ್ಬ ಹೆಂಗಸು ಚೀಲ ಹಿಡಿದು ಬಂದು ಕೂತಳು. ಊರು ದಾಟಿ ಬಸ್ಸು ವೇಗ ಹಿಡಿದಾಗ ನನ್ನೊಳಗಿಂದ ಒಂದು ದನಿ ಬಂತು. ನಾನು ಕರೆದದ್ದಲ್ಲ. ಶ್ರುತಿ ಇರಲಿಲ್ಲ, ರಾಗ ಇರಲಿಲ್ಲ, ದನ ಅರಚಿದ ಹಾಗಿತ್ತು. ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು. ಡ್ರೈವರು ಬಸ್ಸು ನಿಧಾನ ಮಾಡಿದ. ಪಕ್ಕದ ಹೆಂಗಸು ಯಾರು ಸತ್ತರು ಅಂತ ಕೇಳಲಿಲ್ಲ. ಚೀಲ ಕೆಳಗಿಟ್ಟು, ನನ್ನ ಕುತ್ತಿಗೆಗೆ ಕೈ ಹಾಕಿ, ಹಣೆಗೆ ಹಣೆ ಹಚ್ಚಿ, "ಎವ್ವಾ ನನ್ನವ್ವಾ" ಎಂದು ತಾನೂ ದನಿ ಎತ್ತಿದಳು. ಇಬ್ಬರೂ ಹಾಗೇ ಬಳ್ಳಾರಿಯ ತನಕ ಅತ್ತೆವು. ಆದರೆ ಅದನ್ನು ಕೇಳಬೇಕಾದ ಹುಡುಗಿಗೆ ಅಷ್ಟು ಹೊತ್ತಿಗೆ ಮಣ್ಣು ಕೊಟ್ಟಾಗಿತ್ತು.